ಒರೆಸಿ ಇಟ್ಟ ಚೆಂಡು

ಪ್ರವಾಹದ ನೀರು ಇಳಿದ ಮೇಲೆ ನಮ್ಮ ಗಾಲ್ಫ್ ಕ್ಲಬ್ಬಿನ ಮೈದಾನದ ನಡುವೆ ಒಂದು ಕಬ್ಬಿಣದ ಕಪಾಟು ನಿಂತಿತ್ತು. ಯಾರದೋ ಮನೆಯದು. ಹಳ್ಳದ ಮೇಲ್ಭಾಗದ ಯಾವುದೋ ಬಡಾವಣೆಯಿಂದ ತೇಲಿಕೊಂಡು ಬಂದು, ಮರಳಿನ ಗುಂಡಿಯೊಳಗೆ ನೆಟ್ಟಗೆ, ಬೇಕೆಂದೇ ಯಾರೋ ತಂದಿಟ್ಟ ಹಾಗೆ ನಿಂತುಬಿಟ್ಟಿತ್ತು. ಬಾಗಿಲು ಮುಚ್ಚಿತ್ತು. ಕೆಲಸದವರು ಯಾರೂ ಅದರ ಹತ್ತಿರ ಹೋಗಲು ಒಪ್ಪಲಿಲ್ಲ. ಕೊನೆಗೆ ಕ್ಲಬ್ಬಿನ ಕ್ಯಾಪ್ಟನ್ನೇ ಮುಂದೆ ನಿಂತು ಹಾರೆ ಹಾಕಿಸಿ ತೆಗೆಸಿದರು. ಒಳಗೆ ಸೀರೆಗಳಿದ್ದವು, ಮಡಿಚಿಟ್ಟಲ್ಲೇ ಕೆಸರು ಕುಡಿದು ಕೂತಿದ್ದವು. ಪೊಲೀಸರಿಗೆ ತಿಳಿಸಿದ್ದಾಯಿತು. ಯಾರೂ ಕೇಳಿಕೊಂಡು ಬರಲಿಲ್ಲ.

ಹೈದರಾಬಾದಿನಲ್ಲಿ ಗಾಲ್ಫ್ ಎಂದಕೂಡಲೇ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ನಮ್ಮದು ಅಂಥದ್ದಲ್ಲ. ಉಪ್ಪಲ್ ದಾಟಿ ಮುಂದೆ, ಹಳ್ಳದ ದಂಡೆಗೆ ಹೊಂದಿಕೊಂಡ ಹಳೆಯ ಸಣ್ಣ ಕ್ಲಬ್ಬು. ಚೆಂಡು ಬೀಳಿಸಲು ಒಂಬತ್ತೇ ಕುಳಿಗಳು, ಹೆಂಚಿನ ಒಂದು ಕಟ್ಟಡ, ಅದರ ಮುಂದೊಂದು ಪಡಸಾಲೆ. ಸದಸ್ಯರೆಲ್ಲ ನಿವೃತ್ತ ಬ್ಯಾಂಕಿನವರು, ಡಾಕ್ಟರುಗಳು, ಮಿಲಿಟರಿಯವರು. ನಮ್ಮ ಮನೆಯವರು ಬೀದರ್ ಕಡೆಯವರು, ನೀರಾವರಿ ಇಂಜಿನಿಯರ್ ಆಗಿದ್ದವರು. ನಾನು ಕಲಬುರಗಿಯವಳು. ಹಿಮಾಯತ್‌ನಗರದ ಮನೆಯಿಂದ ಅವರು ಬೆಳಿಗ್ಗೆ ಬೆಳಿಗ್ಗೆ ಆಟಕ್ಕೆ ಹೋಗುತ್ತಿದ್ದರು. ನನಗೆ ಸಕ್ಕರೆ ಕಾಯಿಲೆ ಬಂದು ಡಾಕ್ಟರು ನಡೆಯಿರಿ ಎಂದ ಮೇಲೆ ನಾನೂ ಅವರ ಹಿಂದೆ ಹಿಂದೆ ನಡೆಯತೊಡಗಿದೆ. ಆಟವೇನೂ ನನಗೆ ಹಿಡಿಸಿದ್ದಿಲ್ಲ. ಇಷ್ಟುದ್ದದ ಕೋಲು, ಇಷ್ಟೇ ಇಷ್ಟು ಚೆಂಡು, ಅಷ್ಟು ದೊಡ್ಡ ಬಯಲು. ದೊಡ್ಡವರು ಮಾಡುವ ಕೆಲಸವೇ ಇದು ಎಂದು ಇವರನ್ನು ರೇಗಿಸುತ್ತಿದ್ದೆ.

ಆದರೆ ಆ ಆಟದ ಒಂದು ಪದ್ಧತಿ ಮಾತ್ರ ನನಗೆ ಸೇರುತ್ತಿತ್ತು. ಅಲ್ಲಿ ಅಂಪೈರ್ ಇಲ್ಲ. ಚೆಂಡು ಕುಳಿಗೆ ಬಿದ್ದ ಮೇಲೆ ಪ್ರತಿಯೊಬ್ಬನೂ ತಾನು ಎಷ್ಟು ಏಟು ಹೊಡೆದೆ ಎಂದು ತಾನೇ ಬಾಯಿಬಿಟ್ಟು ಹೇಳಬೇಕು. ಕಡಿಮೆ ಏಟು ಹೊಡೆದವನು ಗೆದ್ದ. ಜೊತೆಗಾರ ಬರೆದುಕೊಳ್ಳುತ್ತಾನೆ, ಹೌದಾ ಎಂದು ಕೇಳುವುದಿಲ್ಲ. ಕೇಳಿದರೆ ಅವಮಾನ ಮಾಡಿದ ಹಾಗೆ. ನಮ್ಮ ಮನೆಯವರು ಒಮ್ಮೆ ಫೈನಲ್ ಆಡುತ್ತಿದ್ದಾಗ, ಹುಲ್ಲಿನೊಳಗೆ ಕೋಲು ತಾಗಿ ಚೆಂಡು ಒಂದು ಎಳ್ಳಷ್ಟು ಅಲುಗಿತಂತೆ. ಯಾರೂ ನೋಡಿರಲಿಲ್ಲ. ಇವರೇ ಕೈಯೆತ್ತಿ, ತಮ್ಮ ಲೆಕ್ಕಕ್ಕೆ ತಾವೇ ಒಂದು ಏಟು ದಂಡ ಹಾಕಿಕೊಂಡು, ಆ ಒಂದು ಏಟಿನಿಂದಲೇ ಸೋತರು. ಹೊಸ ಸದಸ್ಯರು ಬಂದರೆ ಚಹಾ ಬರುವುದರೊಳಗೆ ಯಾರಾದರೊಬ್ಬರು ಈ ಕಥೆ ಹೇಳುತ್ತಿದ್ದರು. ಕ್ಲಬ್ಬಿನವರು ಅವರನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದರು. ನನಗೂ ಒಳಗೊಳಗೇ ಹೆಮ್ಮೆ ಇತ್ತು, ಯಾಕೆ ಸುಳ್ಳು ಹೇಳಲಿ.

ಪ್ರವಾಹದ ನಂತರ ಮೈದಾನ ಸರಿಮಾಡುವ ಉಸ್ತುವಾರಿ ಇವರ ಪಾಲಿಗೇ ಬಂತು. ಕ್ಯಾಪ್ಟನ್ ಎಂದರೆ ಕ್ಲಬ್ಬಿನ ಮುಖ್ಯಸ್ಥರು, ಮಿಲಿಟರಿಯಿಂದ ನಿವೃತ್ತರಾದ ತೆಲುಗಿನವರು, ನಮ್ಮ ಜೊತೆ ಹಿಂದಿಯಲ್ಲೇ ಮಾತು. ಆಯುಷ್ಯವೆಲ್ಲ ನೀರಿನ ಜೊತೆ ಕಳೆದವರು, ನೀವಲ್ಲದೆ ಇನ್ಯಾರು ಎಂದು ಅವರು ಇವರ ಬೆನ್ನು ತಟ್ಟಿದರು. ನಿಂತ ನೀರಿಗೆ ಕಾಲುವೆ ತೋಡಿಸಬೇಕು, ಕೊಳೆತ ಹುಲ್ಲು ಕಿತ್ತು ಹೊಸದು ನೆಡಿಸಬೇಕು. ಅಷ್ಟೇ ಅಲ್ಲ, ಚಳಿಗಾಲದ ಕಾರ್ಯಕ್ರಮಗಳನ್ನು ಎಂದಿನಂತೆ ನಡೆಸಲೇಬೇಕೆಂದು ಕಮಿಟಿ ಹಟ ಹಿಡಿದಿತ್ತು. ಶನಿವಾರ ಮಕ್ಕಳಿಗೆ ಆಟ ಕಲಿಸುವುದು, ಹೆಂಗಸರ ಪಂದ್ಯ, ಊಟದ ಮಳಿಗೆಗಳು, ಕೊನೆಗೆ ಕ್ಯಾಪ್ಟನ್ ಕಪ್ ಪಂದ್ಯ. ನಡೆಸದಿದ್ದರೆ ಸದಸ್ಯರು ಒಬ್ಬೊಬ್ಬರಾಗಿ ಕಳಚಿಕೊಂಡು ಕ್ಲಬ್ಬೇ ಮುಚ್ಚಿಹೋಗುತ್ತದೆ ಎಂಬ ಭಯ. ಇವರು ಎರಡನ್ನೂ ಹೊತ್ತುಕೊಂಡರು. ನಿವೃತ್ತಿಯಾದ ಮೇಲೆ ಅಷ್ಟು ಹುರುಪಿನಲ್ಲಿ ಅವರನ್ನು ನಾನು ನೋಡಿಯೇ ಇರಲಿಲ್ಲ.

ಆದರೆ ಆ ಜಾಗ ಮೊದಲಿನ ಜಾಗವಾಗಿ ಉಳಿದಿರಲಿಲ್ಲ. ಹುಲ್ಲಿನ ಮೇಲೆ ಕಾಲಿಟ್ಟರೆ ಅಡಿಯಿಂದ ನೀರು ಪಿಚಕ್ಕನೆ ಎದ್ದು ಚಪ್ಪಲಿಯೊಳಗೆ ಬರುತ್ತಿತ್ತು. ಬಿಸಿಲು ಎಷ್ಟೇ ಬಿದ್ದರೂ ಕೊಳೆತ ವಾಸನೆ ಹೋಗಲೊಲ್ಲದು. ಆಫೀಸಿನ ಗೋಡೆಯ ಮೇಲೆ ನನ್ನ ಎದೆಯ ಎತ್ತರಕ್ಕೆ ನೀರು ನಿಂತ ಕಂದು ಗೆರೆ; ಸುಣ್ಣ ಹೊಡೆಸಿದರೂ ಒಣಗಿದ ಮೇಲೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಹಳ್ಳ ತನ್ನ ಹಳೆಯ ದಾರಿ ಬಿಟ್ಟು ಒಳಗೆ ನುಗ್ಗಿ ಎರಡನೆಯ ಕುಳಿಯ ಜಾಗವನ್ನು ಪೂರ್ತಿ ನುಂಗಿಹಾಕಿತ್ತು. ಮರಗಳು ಉರುಳಿದ್ದವು. ಬೆಳಿಗ್ಗೆ ಕಿವಿ ಕಿತ್ತುಹೋಗುವಷ್ಟು ಕೂಗುತ್ತಿದ್ದ ಟಿಟ್ಟಿಭ ಹಕ್ಕಿಗಳ ಸದ್ದೇ ಇರಲಿಲ್ಲ. ನಡೆಯುವಾಗ ನನಗೆ ಸುಮ್ಮಸುಮ್ಮನೆ ಹಿಂದೆ ತಿರುಗಿ ನೋಡಬೇಕೆನಿಸುತ್ತಿತ್ತು.

ಒಂದು ಬೆಳಿಗ್ಗೆ ಮೂರನೆಯ ಕುಳಿ ಮುಗಿಸಿದ ಇವರು ನಾಲ್ಕನೆಯದಕ್ಕೆ ಹೋಗುವ ಬದಲು ಹಳ್ಳದ ಕಡೆಗೆ ಹೊರಟುಬಿಟ್ಟರು. ದಂಡೆಯ ತುದಿಗೆ ಹೋಗಿ ನಿಂತು ಅತ್ತಿತ್ತ ನೋಡುತ್ತಿದ್ದರು.

"ಏನ್ರಿ, ಎಲ್ಲಿ ಹೊಂಟ್ರಿ? ಮುಳುಗಾಕ ಹೊಂಟೀರೇನು?" ಎಂದು ಕೂಗಿದೆ.

"ಇಲ್ಲೇ ಒಂದು ಬೇವಿನ ಗಿಡ ಇತ್ತಲ್ಲ" ಎಂದರು.

ಬೇವಿನ ಮರ ನಿಜವಾಗಿಯೂ ಕೊಚ್ಚಿಕೊಂಡು ಹೋಗಿತ್ತು. ಗುರುತಿಗಿದ್ದ ಮರವೇ ಇಲ್ಲದಿದ್ದರೆ ಯಾರಿಗಾದರೂ ದಾರಿ ತಪ್ಪುತ್ತದೆ. ಜೊತೆಯವರೆಲ್ಲ ನಕ್ಕರು, ನಾನೂ ನಕ್ಕೆ. ಕಮಿಟಿಯ ಸಭೆಯಲ್ಲಿ ಊಟದ ಮಳಿಗೆಗಳನ್ನು ಎರಡನೆಯ ಕುಳಿಯ ಪಕ್ಕ ಹಾಕೋಣ ಎಂದು ಇವರು ಹೇಳಿದಾಗಲೂ ಜನ ನಕ್ಕರು. ಅಲ್ಲಿ ಈಗ ಹಳ್ಳ ಹರಿಯುತ್ತಿದೆ, ದೋಣಿಯಲ್ಲಿ ಬಡಿಸೋಣವೇ ಎಂದು ಯಾರೋ ತಮಾಷೆ ಮಾಡಿದರು. ಪಾಪ, ನೀರು ಎಲ್ಲವನ್ನೂ ಅದಲುಬದಲು ಮಾಡಿದೆ ಎಂದರು. ಆ ದಿನಗಳಲ್ಲಿ ಏನೇ ತಪ್ಪಿದರೂ ನೀರಿನ ತಲೆಗೆ ಕಟ್ಟುವುದು ಎಲ್ಲರಿಗೂ ರೂಢಿಯಾಗಿತ್ತು.

ಕೆಸರಿನಲ್ಲಿ ಆಡುವುದಕ್ಕೆ ಅಂತಲೇ ಗಾಲ್ಫಿನಲ್ಲಿ ಒಂದು ಚಳಿಗಾಲದ ನಿಯಮ ಇದೆಯಂತೆ. ಸಾಮಾನ್ಯವಾಗಿ ಚೆಂಡು ಬಿದ್ದಲ್ಲಿಂದಲೇ ಹೊಡೆಯಬೇಕು, ಕೈಯಲ್ಲಿ ಮುಟ್ಟುವ ಹಾಗಿಲ್ಲ. ಈ ನಿಯಮ ಹಾಕಿದರೆ ಮಾತ್ರ ಎತ್ತಿ, ಒರೆಸಿ, ಪಕ್ಕದಲ್ಲಿ ಒಣ ಹುಲ್ಲಿನ ಮೇಲೆ ಇಟ್ಟು ಹೊಡೆಯಬಹುದು. ಚಳಿ ದೇಶದವರು ಹಿಮದ ಕಾಲಕ್ಕೆ ಮಾಡಿಕೊಂಡದ್ದಿರಬೇಕು. ಸ್ವೆಟರ್ ಹಾಕಿದ ಅರ್ಧ ಗಂಟೆಗೆ ಬೆವರುವ ನಮ್ಮೂರಿನಲ್ಲಿ ಅದನ್ನು ತಂದವರು ನಮ್ಮ ಮನೆಯವರೇ. ಎಲ್ಲರೂ ಭೇಷ್ ಎಂದರು. ಇದೇ ನಿಯಮ ಮುಂದೆ ಅವರ ಕೊರಳಿಗೆ ಸುತ್ತಿಕೊಳ್ಳುತ್ತದೆ ಎಂದು ಯಾರಿಗೆ ಗೊತ್ತಿತ್ತು.

ಇವರ ಕಾಯಂ ಜೊತೆಗಾರರು ಒಬ್ಬ ಹಲ್ಲಿನ ಡಾಕ್ಟರು, ರಾಯಚೂರಿನವರು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವವರು. ಕೋಲುಗಳ ಚೀಲ ಹೊರುವ ಕ್ಯಾಡಿ ಯಾದಗಿರಿ ಕಡೆಯವನು. ಕಟ್ಟಡದ ಕೆಲಸಕ್ಕೆಂದು ಬಂದು, ಸೊಂಟ ನೋವಾಗಿ, ಇಲ್ಲಿ ಸೇರಿಕೊಂಡವನು. ಬಹಳ ವರ್ಷಗಳಿಂದ ಇವರ ಚೀಲ ಅವನ ಹೆಗಲಿಗೇ. ಅವನ ಹೆಂಡತಿ ಕ್ಲಬ್ಬಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಇಬ್ಬರೂ ಗೇಟಿನ ಪಕ್ಕದ ಕೋಣೆಯಲ್ಲಿ ಇದ್ದರು.

ಒಂದು ದಿನ ಇವರೂ ಸೇರಿ ನಾಲ್ಕು ಜನ ಆಡುತ್ತಿದ್ದರು, ನಾನು ಹಿಂದೆ ನಡೆಯುತ್ತಿದ್ದೆ. ಐದನೆಯ ಕುಳಿಯ ದಾರಿಯಲ್ಲಿ ಕೆಸರು ಇನ್ನೂ ಒಣಗಿರಲಿಲ್ಲ. ಇವರ ಚೆಂಡು ಅದರಲ್ಲಿ ಹೂತುಹೋಯಿತು. ಎತ್ತಿದರು, ಒರೆಸಿದರು, ಇಟ್ಟರು, ಹೊಡೆದರು. ಮತ್ತೆ ಕೆಸರು. ಮತ್ತೆ ಎತ್ತಿದರು, ಒರೆಸಿದರು, ಹೊಡೆದರು. ಹೀಗೆ ಎಷ್ಟೋ ಸಲ. ನನಗೆ ನಿಂತು ನಿಂತು ಕಾಲು ನೋವು ಬಂತು. ಅಂತೂ ಚೆಂಡು ಕುಳಿಗೆ ಬಿತ್ತು.

"ಮೂರು" ಎಂದರು ಇವರು.

ಹಲ್ಲಿನ ಡಾಕ್ಟರ ಪೆನ್ಸಿಲು ನಿಂತಿತು. ಅವರು ಒಮ್ಮೆ ಇವರ ಮುಖ ನೋಡಿದರು, ಬರೆದುಕೊಂಡರು. ಬೇರೆ ಇಬ್ಬರು ಹಳ್ಳದ ಕಡೆಗೆ ಮುಖ ಮಾಡಿ ನಿಂತರು. ಆಟ ಬಾರದ ನನಗೂ ಅದು ಮೂರಲ್ಲ ಎಂದು ಗೊತ್ತಿತ್ತು. ಇವರು ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ, "ಛಲೋ ಆತಲ್ಲ ಈ ಕುಳಿ" ಎಂದು ನನ್ನನ್ನು ನೋಡಿ ನಕ್ಕರು. ಆ ನಗುವಿನಲ್ಲಿ ಕಳ್ಳತನದ ಲವಲೇಶ ಇರಲಿಲ್ಲ. ಬಿಸಿಲು ಏರಿದ್ದರೂ ಸೆರಗು ಹೊದ್ದುಕೊಂಡೆ.

ಅಂದಿನಿಂದ ನಾನು ಆಟ ನೋಡುವುದು ಬಿಟ್ಟು ಅವರನ್ನು ನೋಡತೊಡಗಿದೆ. ಒಣ ನೆಲದ ಮೇಲೆ ಎಲ್ಲ ಸರಿಯಾಗೇ ಇರುತ್ತಿತ್ತು. ಕೆಸರಿನಲ್ಲಿ ಬಗ್ಗಿ, ಚೆಂಡು ಎತ್ತಿ, ಎರಡೂ ಕೈಯಲ್ಲಿ ಹಿಡಿದು ಒರೆಸತೊಡಗಿದರೆ ಮಾತ್ರ ಏನೋ ಆಗುತ್ತಿತ್ತು. ಒರೆಸಿ ಮುಗಿಸುವುದರೊಳಗೆ ಹಿಂದಿನ ಏಟುಗಳು ಅವರ ಪಾಲಿಗೆ ಇಲ್ಲವಾಗುತ್ತಿದ್ದವು. ಚೆಂಡು ಕೆಳಗಿಟ್ಟು ತಲೆಯೆತ್ತಿದಾಗ ಅವರ ಮುಖದಲ್ಲಿ ಆಗಷ್ಟೇ ಆಟಕ್ಕಿಳಿದವರ ಕಳೆ ಇರುತ್ತಿತ್ತು. ಕೆಲವು ಸಲ ಕ್ಯಾಡಿಯನ್ನು ಮೆಲ್ಲಗೆ "ಎಷ್ಟಾತೋ?" ಎಂದು ಕೇಳುವರು. ಅವನು ಹೆದರಿ, "ನೀವು ಹೇಳಿದಷ್ಟಽರಿ ಸಾಹೇಬ್ರ" ಎನ್ನುವನು.

ಡಾಕ್ಟರ ಹತ್ತಿರ ಹೋಗೋಣ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ಧೈರ್ಯ ಬರುವ ಮೊದಲೇ ಒಂದು ದಿನ ಕ್ಲಬ್ಬಿನಿಂದ ವಾಪಸು ಬರುವಾಗ ಅವರು ಉಪ್ಪಲ್‌ನಲ್ಲಿ, ಮೆಟ್ರೋ ಕಂಬಗಳ ಕೆಳಗೆ, ಕಾರನ್ನು ಬದಿಗೆ ತಂದು ನಿಲ್ಲಿಸಿದರು. ಹಿಂದಿನ ಆಟೋದವನು ಬೈದುಕೊಂಡು ಮುಂದೆ ಹೋದ. ಇವರು ಸ್ಟೀರಿಂಗ್ ಹಿಡಿದುಕೊಂಡೇ ಕೂತರು.

"ಮನಿ ಯಾವ ಕಡೆ?" ಎಂದರು.

ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. ಇಲ್ಲ. ಅವರ ತುಟಿ ಬಿಳಚಿತ್ತು. ಸೀದಾ ಹೋಗ್ರಿ ಎಂದೆ. ಸ್ವಲ್ಪ ದೂರ ಹೋದ ಮೇಲೆ ಎಲ್ಲ ನೆನಪಾದ ಹಾಗಾಯಿತು, ಗೇರು ಬದಲಿಸುತ್ತ ತಾವೇ ಬಾಯಿ ತೆರೆದರು.

"ಇದು ಮೊದಲನೇ ಸಲ ಅಲ್ಲ. ಯಾರ ಮುಂದೂ ಹೇಳಬ್ಯಾಡ. ಮಕ್ಕಳಿಗೂ ಬ್ಯಾಡ. ಈ ಚಳಿಗಾಲದ ಕೆಲಸ ಒಂದು ಮುಗೀಲಿ, ಆಮ್ಯಾಲೆ ನೀ ಎಲ್ಲಿಗೆ ಕರೀತಿ ಅಲ್ಲಿಗೆ ಬರ್ತೀನಿ."

"ಕ್ಲಬ್ಬಿಗೆ ಬೆಂಕಿ ಬೀಳ್ಲಿ. ನಾಳೇನ ಹೋಗೂಣು."

"ಆಣಿ ಮಾಡು" ಎಂದರು.

ಮದುವೆಯಾದಾಗಿನಿಂದ ಅವರು ನನ್ನಿಂದ ಆಣೆ ಕೇಳಿದ್ದೇ ಇಲ್ಲ. ಆಣೆ ಮಾಡಿದೆ. ಮನೆಗೆ ಬಂದು ಬಚ್ಚಲುಮನೆಯ ನಲ್ಲಿ ಬಿಟ್ಟು ಅತ್ತೆ.

ಕ್ಲಬ್ಬಿನಲ್ಲಿ ಗಾಳಿ ಬದಲಾಗಿತ್ತು. ನಾನು ಪಡಸಾಲೆಗೆ ಬಂದರೆ ಹೆಂಗಸರ ಮಾತು ತಟ್ಟನೆ ನಿಂತು, ಮಳಿಗೆಯಲ್ಲಿ ಜೋಳದ ರೊಟ್ಟಿಯ ಜೊತೆ ಎಣ್ಣೆಗಾಯಿ ಇಡಬೇಕೋ ಪುಂಡಿಪಲ್ಯ ಇಡಬೇಕೋ ಎಂಬಲ್ಲಿಂದ ಶುರುವಾಗುತ್ತಿತ್ತು. ಹಲ್ಲಿನ ಡಾಕ್ಟರು ಬೆಳಿಗ್ಗೆ ಕ್ಲಿನಿಕ್ಕು ಇದೆ, ಸಂಜೆ ಮದುವೆ ಇದೆ ಎಂದು ಜೊತೆ ತಪ್ಪಿಸತೊಡಗಿದರು. ಇವರು ಒಬ್ಬರೇ ಆಡುತ್ತ, ಆಟದ ನಡುವೆ ಕಾಲುವೆ ತೋಡುವವರಿಗೆ ಹೇಳಿದ್ದನ್ನೇ ಮತ್ತೆ ಹೇಳುತ್ತ, ಬಯಲಿನ ತುಂಬ ಓಡಾಡುತ್ತಿದ್ದರು. ಕೆಲಸದವರು ಅವರ ಬೆನ್ನ ಹಿಂದೆ ಒಬ್ಬರಿಗೊಬ್ಬರು ಕಣ್ಣು ಹೊಡೆಯುತ್ತಿದ್ದರು. ನನ್ನ ಮೈ ಉರಿಯುತ್ತಿತ್ತು.

ಒಂದು ದಿನ ಹಲ್ಲಿನ ಡಾಕ್ಟರನ್ನು ಕಾರಿನ ಹತ್ತಿರ ಅಡ್ಡಗಟ್ಟಿದೆ.

"ಏನ್ರಿ ಡಾಕ್ಟರ, ನಮ್ಮ ಮನಿಯವರ ಸಂಗಾಟ ಆಡಿದ್ರ ನಿಮ್ಮ ಹಲ್ಲು ಉದುರ್ತಾವೇನು?"

ಅವರು ನೆಲ ನೋಡಿದರು. "ವೈನಿ, ನೀವು ಬೇಜಾರು ಮಾಡ್ಕೋಬ್ಯಾಡ್ರಿ. ಅಣ್ಣಾ ಅಂಥವರಲ್ಲ, ನನಗ ಗೊತ್ತು. ಆ ಕ್ಯಾಡಿದು ಕೆಲಸ ಇದು. ಲೆಕ್ಕಾ ತಪ್ಪಿಸಿ ಹೇಳತಾನ. ಸಾಹೇಬ್ರು ಗೆದ್ರ ಬಕ್ಷೀಸು ಸಿಗತೈತಲ್ಲ."

"ನಿಮಗ ಅನಸಿದ್ದನ್ನ ಅವರ ಮುಂದ ಹೇಳಾಕ ಬಾಯಿಲ್ಲೇನು?"

"ಅಂಥಾ ಮನಶ್ಯಾರ ಮುಂದ ಹೆಂಗ ಕೇಳೂದ್ರಿ ವೈನಿ? ಕೇಳಿದ್ರ ಕಳ್ಳ ಅಂದಂಗ ಆಗ್ತೈತಿ."

ಅವರ ಕಪಾಳಕ್ಕೆ ಬಾರಿಸಬೇಕೆನಿಸಿತು. ಯಾರಾದರೊಬ್ಬರು ಐದನೆಯ ಕುಳಿಯಲ್ಲೇ "ಅಲ್ಲ ಮಾರಾಯ್ರೆ, ಮೂರಲ್ಲ" ಎಂದಿದ್ದರೆ ಮುಗಿಯುತ್ತಿತ್ತು. ಗಲ್ಲಿಯಲ್ಲಿ ಗೋಲಿ ಆಡುವ ಹುಡುಗರು ಅಷ್ಟು ಮಾಡುತ್ತಾರೆ. ಈ ಜನಕ್ಕೆ ಮರ್ಯಾದೆ ಅಡ್ಡ ಬಂತು. ಕೇಳದೆ ಬರೆದುಕೊಂಡರು, ಬರೆದುಕೊಂಡ ಮೇಲೆ ಅನುಮಾನಪಟ್ಟರು, ಅನುಮಾನವನ್ನು ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ದಾಟಿಸಿದರು. ಮನುಷ್ಯ ಮರೆಯಬಹುದು ಎಂಬುದು ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ. ಅವರ ಆಟದಲ್ಲಿ ಏಟು ಕಡಿಮೆ ಹೇಳಿದವನಿಗೆ ಇರುವುದು ಒಂದೇ ಹೆಸರು. ನನಗೆ ನಿಜ ಗೊತ್ತಿತ್ತು, ಆಣೆ ಬಾಯಿಗೆ ಬೀಗ ಹಾಕಿತ್ತು.

ಕ್ಯಾಪ್ಟನ್ ಕಪ್ಪಿನ ದಿನ ಬಂದಾಗ ಆಕಾಶ ಕಪ್ಪಿಟ್ಟಿತ್ತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವೆಂದು ಟಿವಿಯಲ್ಲಿ ಹೇಳುತ್ತಿದ್ದರು. ಗೇಟಿಗೆ ಚೆಂಡುಹೂವಿನ ಮಾಲೆ ಕಟ್ಟಿದ್ದರು, ಹೊಸ ಮರಳು ಹರಡಿದ್ದರು, ಊಟದ ಮಳಿಗೆಗಳಲ್ಲಿ ಒಲೆ ಹೊತ್ತಿದ್ದವು. ಆದರೂ ಬಂದವರೆಲ್ಲ ಮೊದಲು ಹಳ್ಳದ ಕಡೆಗೊಮ್ಮೆ ನೋಡಿ ಆಮೇಲೆ ನಮಸ್ಕಾರ ಹೇಳುತ್ತಿದ್ದರು. ಹಳ್ಳದ ಸದ್ದು ಹಿಂದಿನ ದಿನಕ್ಕಿಂತ ಜೋರಾಗಿತ್ತು. ಇವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸುತ್ತ, ಮದುವೆಮನೆಯ ಯಜಮಾನರಂತೆ ಓಡಾಡಿದರು. ನೋಡಿ ನನಗೆ ಒಂದು ಗಳಿಗೆ ಆಸೆ ಹುಟ್ಟಿತು. ಏನೂ ಆಗಿಲ್ಲ, ನಾನೇ ಹುಚ್ಚಿ ಎಂದುಕೊಂಡೆ.

ಇವರ ಜೊತೆಗೆ ಆಡಲು ಬಂದವರು ಕ್ಯಾಪ್ಟನ್ ಮತ್ತು ಹಲ್ಲಿನ ಡಾಕ್ಟರು. ಕ್ಯಾಪ್ಟನ್ ತಾವಾಗಿಯೇ ಇವರನ್ನು ಜೊತೆಗೆ ಹಾಕಿಸಿಕೊಂಡರೆಂದು ಕೇಳಿ ನನಗೆ ಸಮಾಧಾನವಾಗಿತ್ತು. ಮೊದಲ ಕುಳಿ ಮುಗಿಯುವ ಹೊತ್ತಿಗೆ ಸಮಾಧಾನ ಹಾರಿಹೋಯಿತು. ಇವರು ಕೋಲು ಬೀಸಿದ ಪ್ರತಿ ಸಲವೂ ಕ್ಯಾಪ್ಟನ್ ಎಡ ಜೇಬಿಗೆ ಕೈಹಾಕಿ ಏನನ್ನೋ ತೆಗೆದು ಬಲ ಜೇಬಿಗೆ ಹಾಕುತ್ತಿದ್ದರು. ಸಣ್ಣ ಹರಳುಕಲ್ಲು. ತಮ್ಮ ಏಟಿಗಲ್ಲ, ಡಾಕ್ಟರ ಏಟಿಗೂ ಅಲ್ಲ. ಇವರು ಹೊಡೆದಾಗ ಮಾತ್ರ, ಏಟಿಗೊಂದು. ಮುಖದಲ್ಲಿ ಅದೇ ಸ್ನೇಹದ ನಗು, ಕೈಯಲ್ಲಿ ಕಲ್ಲು. ನಾನು ನೋಡುತ್ತಿದ್ದೇನೆ ಎಂದು ಗೊತ್ತಾದ ಮೇಲೂ ಅವರು ನಿಲ್ಲಿಸಲಿಲ್ಲ. ಹನಿ ಉದುರತೊಡಗಿತು.

ಕೆಸರು ಬಂದಾಗಲೆಲ್ಲ ನಾನು ಮನಸ್ಸಿನಲ್ಲೇ ಏಟು ಎಣಿಸಿದೆ. ಇವರು ಬಗ್ಗಿದರು, ಎತ್ತಿದರು, ಒರೆಸಿದರು. ಒಮ್ಮೆ ಹತ್ತಿರ ಹೋಗಿ, "ನೆನಪಿಟ್ಟುಕೋರಿ, ಇದು ಎಷ್ಟನೇದು?" ಎಂದು ಪಿಸುಗುಟ್ಟಿದೆ. ಆಟದ ನಡುವೆ ಮಾತಾಡಬಾರದು ಎಂದು ಕ್ಯಾಪ್ಟನ್ ನಗುತ್ತಲೇ ಬೆರಳು ತೋರಿಸಿದರು. ಕ್ಯಾಡಿ ನನ್ನನ್ನು ನೋಡಿದ. ಅವನ ಕಣ್ಣಿನಲ್ಲಿ ನನ್ನಷ್ಟೇ ಹೆದರಿಕೆ ಇತ್ತು.

ಆಟ ಮುಗಿದಾಗ ಎಲ್ಲರಿಗಿಂತ ಕಡಿಮೆ ಏಟು ಇವರದೇ ಆಗಿತ್ತು. ಪಡಸಾಲೆಯಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಇವರನ್ನು ಆಫೀಸಿನ ಕೋಣೆಗೆ ಕರೆದರು. ಕರೆಯದಿದ್ದರೂ ನಾನು ಒಳಗೆ ಹೋದೆ, ಬೇಡ ಎನ್ನುವ ಧೈರ್ಯ ಯಾರಿಗೂ ಆಗಲಿಲ್ಲ. ಕ್ಯಾಪ್ಟನ್, ಹಲ್ಲಿನ ಡಾಕ್ಟರು, ಕಮಿಟಿಯ ಇನ್ನಿಬ್ಬರು ಕೂತಿದ್ದರು. ಕ್ಯಾಡಿ ಬಾಗಿಲಿನ ಹೊರಗೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಹೆಂಡತಿ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದು ಕಂಬದ ಮರೆಯಲ್ಲಿ ನಿಂತಿದ್ದಳು.

ಕ್ಯಾಪ್ಟನ್ ಬಹಳ ಮೃದುವಾಗಿ ಮಾತಾಡಿದರು. ಏಟುಗಳ ಲೆಕ್ಕ ತಾಳೆಯಾಗುತ್ತಿಲ್ಲ, ಇವತ್ತೊಂದೇ ದಿನದ ಮಾತಲ್ಲ, ಎಲ್ಲರಿಗೂ ಗೊತ್ತಿರುವ ವಿಷಯ ಎಂದರು. "ನಿಮ್ಮ ಮೇಲೆ ನಮಗೆ ಅನುಮಾನವಿಲ್ಲ, ಭಾಯಿಸಾಬ್. ಕ್ಯಾಡಿ ನಿಮ್ಮನ್ನು ದಾರಿ ತಪ್ಪಿಸಿದ್ದಾನೆ. ಅವನನ್ನು ಇವತ್ತೇ ತೆಗೆದುಹಾಕುತ್ತೇವೆ, ಕೋಣೆ ಖಾಲಿ ಮಾಡಲಿ. ನಿಮ್ಮ ಇವತ್ತಿನ ಆಟ ಲೆಕ್ಕಕ್ಕಿಲ್ಲ ಅಂತ ಮಾಡೋಣ. ಮಾತು ಈ ಕೋಣೆಯಿಂದ ಆಚೆ ಹೋಗುವುದಿಲ್ಲ. ನೀವು ಹೂಂ ಅಂದರೆ ಸಾಕು." ಹಲ್ಲಿನ ಡಾಕ್ಟರು ಜೋರಾಗಿ ತಲೆಯಾಡಿಸಿದರು. ಅವರಿಗೆಲ್ಲ ಇದು ಒಳ್ಳೆಯತನ ಎಂದೇ ಅನಿಸಿತ್ತು.

ಹೊರಗೆ ಕ್ಯಾಡಿ, "ಇಲ್ರಿ ಸಾಹೇಬ್ರ, ನಾ ಏನೂ ಮಾಡಿಲ್ರಿ, ಅಮ್ಮಾರ ನೀವರ ಹೇಳ್ರಿ" ಎಂದು ನನ್ನ ಕಡೆ ಕೈಮುಗಿದ.

ನಾನು ಎದ್ದು ನಿಂತೆ. ಆಣೆ ಹಾಳಾಗಲಿ, ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದೆ. ಇವರು ನನ್ನ ಮಣಿಕಟ್ಟು ಹಿಡಿದು ಕೂರಿಸಿದರು. ಅಷ್ಟು ಗಟ್ಟಿಯಾಗಿ ಅವರು ನನ್ನ ಕೈ ಹಿಡಿದದ್ದಿಲ್ಲ.

"ಕ್ಯಾಡಿಯದು ತಪ್ಪಿಲ್ಲ" ಎಂದರು ಹಿಂದಿಯಲ್ಲಿ. "ಲೆಕ್ಕ ಕದ್ದವನು ನಾನು. ಅವನನ್ನು ಬಿಡಿ. ನಾನು ಹೋಗುತ್ತೇನೆ."

ಕ್ಯಾಪ್ಟನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಕಣ್ಣು ತುಂಬಿದ್ದವು. ಇಷ್ಟು ವರ್ಷ ನಾವು ನಂಬಿದ್ದು, ಎಂದರು, ಮಾತು ಮುಗಿಸಲಿಲ್ಲ. ಹಲ್ಲಿನ ಡಾಕ್ಟರು ಎದ್ದು ಗೋಡೆಗೆ ಮುಖ ಮಾಡಿದರು. ಇವರು ಎಲ್ಲರಿಗೂ ಕೈಮುಗಿದು ಹೊರಗೆ ಬಂದರು. ಪಡಸಾಲೆಯ ಜನ ದಾರಿ ಬಿಟ್ಟುಕೊಟ್ಟರು, ಆದರೆ ಯಾರೂ ಇವರನ್ನು ನೋಡಲಿಲ್ಲ. ಕ್ಯಾಡಿ ಕೋಲುಗಳ ಚೀಲವನ್ನು ಕಾರಿನ ಹಿಂದೆ ಇಡುವಾಗ ಅಳುತ್ತಿದ್ದ. ಕಾರು ನಾನೇ ಓಡಿಸಿದೆ.

ಗೇಟು ದಾಟಿದ ಮೇಲೆ ತಡೆಯಲಾಗಲಿಲ್ಲ, ಬಾಯಿಗೆ ಬಂದದ್ದೆಲ್ಲ ಬೈದೆ. ಮರ್ಯಾದಿ ಹೋದರೂ ಅಡ್ಡಿ ಇಲ್ಲ, ಬ್ಯಾನಿ ಮುಚ್ಚಿಡಬೇಕು ಅಂತ ಕಳ್ಳ ಅನ್ನಿಸಿಕೊಂಡಿರಲ್ಲ, ನಾಚಿಕಿ ಆಗೂದಿಲ್ಲೇನು, ನಾ ಹೇಳತಿದ್ನಲ್ಲ, ನನ್ನ ಕೈ ಯಾಕ ಹಿಡಿದ್ರಿ ಎಂದು ಕೂಗಾಡಿದೆ. ವೈಪರು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ, ಮುಂದಿನ ರಸ್ತೆ ಕಾಣುತ್ತಿರಲಿಲ್ಲ. ಉಪ್ಪಲ್ ಹತ್ತಿರ ವಾಹನಗಳು ಸಾಲುಗಟ್ಟಿ ನಿಂತಾಗ ಅವರು ನನ್ನ ಕಡೆ ತಿರುಗಿದರು.

"ಮುಚ್ಚಿಡಾಕ ಹೇಳಿದ್ದಲ್ಲ" ಎಂದರು. "ನನಗ ಇವತ್ತಿನ ಆಟ ನೆನಪಿಲ್ಲ. ಯಾರೋ ಲೆಕ್ಕಾ ತಪ್ಪಿಸ್ಯಾರ ಅನ್ನೂದಂತೂ ಖರೇ, ಅಷ್ಟು ಮಂದಿ ಸುಳ್ಳು ಹೇಳೂದಿಲ್ಲ. ಆ ಹುಡುಗ ಅಂಥಾ ಕೆಲಸ ಮಾಡಾಂವ ಅಲ್ಲ, ನನಗ ಗೊತ್ತೈತಿ. ಅಂವ ಅಲ್ಲಂದ ಮ್ಯಾಲೆ ಉಳಿದಾಂವ ನಾನೊಬ್ಬನಽ. ಅದಕ್ಕ ಹೇಳಿದೆ. ನನ್ನ ಉಳಿಸಾಕ ನೀ ಏನರ ಹೇಳ್ತಿ ಅಂತ ಕೈ ಹಿಡಿದೆ."

ಅವರು ಒಂದೊಂದೇ ಮಾತನ್ನು ಸೈಟಿನಲ್ಲಿ ಅಳತೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ನನಗೆ ಅವರ ಬಗ್ಗೆ, ನನ್ನ ಬಗ್ಗೆ, ಮುಂದೆ ಬರುವ ಎಲ್ಲ ದಿನಗಳ ಬಗ್ಗೆ ಹೆದರಿಕೆಯಾಯಿತು.

"ನೀ ಹಿಂದ ನಡಕೊಂತ ಬಂದೀದಿ" ಎಂದರು. "ಎಲ್ಲಾ ನೋಡೀದಿ. ಖರೇ ಹೇಳು. ನಾ ಕದ್ದೆನೋ, ಮರೆತೆನೋ?"

ಹಿಂದಿನ ಬಸ್ಸಿನವನು ಹಾರ್ನ್ ಹೊಡೆಯತೊಡಗಿದ. ಸುಳ್ಳು ಹೇಳಬಹುದಿತ್ತು. ಅವರಿಗೆ ನಾನು ಎಂದೂ ಸುಳ್ಳು ಹೇಳಿರಲಿಲ್ಲ, ಆ ಹೊತ್ತಿನಲ್ಲೂ ನಾಲಿಗೆ ಏಳಲಿಲ್ಲ.

"ಮರೆತಿರಿ" ಎಂದೆ.

ಅವರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಮಂಜು ಕವಿದ ಗಾಜಿನಾಚೆಗೆ ನೋಡಿದರು.

"ಕದ್ದಿದ್ರ ಛಲೋ ಇತ್ತು" ಎಂದರು.